ಸರ್ವ್‌ಲೆಟ್ ಕೋಡಿಗೆ ಕಂಟೇನರ್‌ನೊಳಗೇ ಟೆಸ್ಟ್: ಟಾಮ್‌ಕ್ಯಾಟ್, ಜೆಯುನಿಟ್ ಬಳಸಿ ಹಂತಹಂತವಾಗಿ

ಫಾರ್ಮ್ ತುಂಬುವವರೊಬ್ಬರು ಹೆಸರಿನ ಜಾಗದಲ್ಲಿ ‘ಗಿರಿಜಾ’ ಎಂದು ಬರೆದು ಕಳಿಸಿದರು ಅಂದುಕೊಳ್ಳಿ. ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಗ, ಗುಡಿಸು, ರ, ಗುಡಿಸು, ಜ, ಇಳಿ ಎಂದು ಆರು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಅಂದರೆ ಒಟ್ಟು 18 ಬೈಟ್. ಬ್ರೌಸರ್ ಈ ಬೈಟ್‌ಗಳನ್ನು ಕಳಿಸುತ್ತದೆಯೇ ಹೊರತು ಇವು ಯಾವ ಎನ್‌ಕೋಡಿಂಗ್‌ನವು ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳದಿದ್ದಾಗ ಫಾರ್ಮ್‌ನ ಮಾಹಿತಿಯನ್ನು ಐಎಸ್‌ಒ-8859-1 ಎಂದೇ ಓದಬೇಕು ಅನ್ನುವುದು ಸರ್ವ್‌ಲೆಟ್ (ವೆಬ್ ರಿಕ್ವೆಸ್ಟಿಗೆ ಉತ್ತರ ಕೊಡುವ ಜಾವಾ ಕ್ಲಾಸ್) ನಿಯಮಾವಳಿಯಲ್ಲಿ ಬಹುಕಾಲದಿಂದ ನಡೆದುಬಂದದ್ದು. ಹಾಗೆ ಓದಿದರೆ ಆರು ಸಂಕೇತದ ಹೆಸರು 18 ಸಂಕೇತದ್ದಾಗುತ್ತದೆ. ಮೂರು ಮೂರರ ಪ್ರತಿ ಗುಂಪಿನ ತಲೆಯಲ್ಲೂ ಗೀಟು ಹೊತ್ತ ಲ್ಯಾಟಿನ್ ‘ಎ’, ಅದರ ಪಕ್ಕ ಮೇಲಕ್ಕೇರಿದ ಪುಟ್ಟ ‘2’. ಕನ್ನಡ ಸೈಟ್ ಮಾಡಿದವರೆಲ್ಲ ಈ ಸಾಲನ್ನು ಒಮ್ಮೆಯಾದರೂ ಕಂಡಿರುತ್ತಾರೆ.

ಈಗ ಈ ಫಾರ್ಮ್ ಪಡೆಯುವ ಸರ್ವ್‌ಲೆಟ್‌ಗೆ ಮಾಕಿಟೊ (ಮಾಕ್, ಅಂದರೆ ನಕಲಿ ಆಬ್ಜೆಕ್ಟ್ ಮಾಡಿಕೊಡುವ ಲೈಬ್ರರಿ) ಬಳಸಿ ಯುನಿಟ್ ಟೆಸ್ಟ್ ಬರೆಯಿರಿ. ‘ಗೆಟ್‌ಪ್ಯಾರಾಮೀಟರ್ ಕರೆದಾಗ ಗಿರಿಜಾ ಅಂತ ಕೊಡು’ ಎಂದು ಮಾಕ್ ರಿಕ್ವೆಸ್ಟಿಗೆ ಹೇಳಿಕೊಡುತ್ತೀರಿ, ಅದು ಹಾಗೇ ಕೊಡುತ್ತದೆ, ಟೆಸ್ಟ್ ಹಸಿರಾಗುತ್ತದೆ. ಬೈಟ್ ಎಂಬುದು ಅಲ್ಲಿ ಬರಲೇ ಇಲ್ಲ. ಕಂಟೇನರ್ (ಸರ್ವ್‌ಲೆಟ್‌ಗಳನ್ನು ಓಡಿಸುವ, ಟಾಮ್‌ಕ್ಯಾಟ್‌ನಂಥ ಸರ್ವರ್) ಹೀಗೆ ನಡೆದುಕೊಳ್ಳುತ್ತದೆ ಎಂದು ನಾವು ಊಹಿಸಿದ್ದನ್ನು ಮಾಕ್ ನಮಗೇ ತಿರುಗಿ ಹೇಳುತ್ತದೆ, ಅಷ್ಟೆ. ಆದ್ದರಿಂದ ಎನ್‌ಕೋಡಿಂಗ್, ಸೆಷನ್, ಫಿಲ್ಟರ್‌ಗಳ (ಸರ್ವ್‌ಲೆಟ್ ತಲುಪುವ ಮುಂಚೆ ರಿಕ್ವೆಸ್ಟ್ ಹಾದುಬರುವ ಕೋಡ್) ಸರದಿ, ಎರರ್ ಪುಟ, ಥ್ರೆಡ್ ಇವುಗಳ ಪ್ರಶ್ನೆಯನ್ನು ಕಂಟೇನರ್‌ಗೇ ಕೇಳಬೇಕು. ಕೇಳುವುದು ಹೇಗೆ ಎಂಬುದೇ ಈ ಲೇಖನ. ಮಾವೆನ್, ಜೆಯುನಿಟ್ 5, ಟಾಮ್‌ಕ್ಯಾಟ್ ಇರುವ ಜಾವಾ ಪ್ರಾಜೆಕ್ಟ್ ನಿಮ್ಮ ಬಳಿ ಇದೆ ಎಂದುಕೊಂಡು ಬರೆದಿದ್ದೇನೆ.

ಕೇಳುವ ಪದ್ಧತಿ ಹೊಸದಲ್ಲ. ಅಪಾಚೆಯ ಜಕಾರ್ತಾ ಕ್ಯಾಕ್ಟಸ್ ಇದಕ್ಕೆಂದೇ ಹುಟ್ಟಿದ ಚೌಕಟ್ಟು. ಒಂದೇ ಟೆಸ್ಟ್ ಕ್ಲಾಸ್ ಎರಡು ಕಡೆ ಓಡುತ್ತಿತ್ತು: ‘ಬಿಗಿನ್’ ಮೆಥಡ್ ಕ್ಲೈಂಟ್ ಬದಿಯಲ್ಲಿ ರಿಕ್ವೆಸ್ಟ್ ತಯಾರಿಸುತ್ತಿತ್ತು, ನಡುವಿನ ಟೆಸ್ಟ್ ಮೆಥಡ್ ಒಂದು ಪ್ರಾಕ್ಸಿ ಸರ್ವ್‌ಲೆಟ್ ಮೂಲಕ ಸರ್ವರ್‌ನೊಳಗೆ ನಡೆಯುತ್ತಿತ್ತು, ‘ಎಂಡ್’ ಮೆಥಡ್ ಮತ್ತೆ ಕ್ಲೈಂಟ್ ಬದಿಯಲ್ಲಿ ಉತ್ತರ ನೋಡುತ್ತಿತ್ತು. 2011ರಲ್ಲಿ ಅದನ್ನು ನಿಲ್ಲಿಸಿದರು. ಜೆಬಾಸ್ ಬಳಗದ ಆರ್ಕ್ವಿಲಿಯನ್ ಅದೇ ಆಲೋಚನೆಯನ್ನು ಮುಂದುವರಿಸಿತು. ನಿಮ್ಮ ಕೋಡ್ ಇಜೆಬಿ, ಸಿಡಿಐ ಎಂಬ ದೊಡ್ಡ ಜಾವಾ ಸರ್ವರ್‌ಗಳ ಸೌಲಭ್ಯಗಳನ್ನು ನೆಚ್ಚಿಕೊಂಡಿದ್ದರೆ ಇಂದಿಗೂ ಅದು ಉಪಯುಕ್ತ. ಬರೀ ಸರ್ವ್‌ಲೆಟ್, ಫಿಲ್ಟರ್, ಜೆಎಸ್‌ಪಿ ಇರುವ ಆ್ಯಪ್‌ಗೆ ಅಷ್ಟು ಸಲಕರಣೆ ಬೇಡ. ಟಾಮ್‌ಕ್ಯಾಟ್ ಈಗ ಲೈಬ್ರರಿಯಾಗಿಯೇ ಸಿಗುತ್ತದೆ, ಟೆಸ್ಟ್ ಓಡುವ ಜೆವಿಎಂನಲ್ಲೇ ಅದನ್ನು ಎಬ್ಬಿಸಬಹುದು.

ಹಂತ 1: ಲೈಬ್ರರಿ ಸೇರಿಸಿ, ಆವೃತ್ತಿ ಹೊಂದಿಸಿ

ಪೋಮ್ ಫೈಲಿಗೆ ಟಾಮ್‌ಕ್ಯಾಟ್-ಎಂಬೆಡ್-ಕೋರ್ ಸೇರಿಸಿ, ಸ್ಕೋಪ್ ‘ಟೆಸ್ಟ್’ ಇರಲಿ. ಜೆಎಸ್‌ಪಿ ಇದ್ದರೆ ಟಾಮ್‌ಕ್ಯಾಟ್-ಎಂಬೆಡ್-ಜಾಸ್ಪರ್ ಕೂಡ ಬೇಕು. ಆವೃತ್ತಿ ಮಾತ್ರ ಪ್ರೊಡಕ್ಷನ್ ಸರ್ವರ್‌ನಲ್ಲಿ ಇರುವುದೇ ಆಗಿರಬೇಕು. ಟಾಮ್‌ಕ್ಯಾಟ್ 9ರ ತನಕ ಪ್ಯಾಕೇಜ್‌ಗಳ ಹೆಸರು ‘ಜಾವಾಎಕ್ಸ್’ನಿಂದ ಶುರು, 10ರಿಂದ ‘ಜಕಾರ್ತಾ’ದಿಂದ. ಹಳೆಯ ಹೆಸರಿನ ಕೋಡನ್ನು ಹೊಸ ಟಾಮ್‌ಕ್ಯಾಟ್‌ನಲ್ಲಿ ಟೆಸ್ಟ್ ಮಾಡಲು ಹೊರಟರೆ ನಿಮ್ಮ ವೆಬ್‌ಸರ್ವ್‌ಲೆಟ್ ಅನೋಟೇಷನ್ ಅದಕ್ಕೆ ಗುರುತೇ ಸಿಗುವುದಿಲ್ಲ.

ಈ ಟೆಸ್ಟ್‌ಗಳನ್ನು ಯುನಿಟ್ ಟೆಸ್ಟ್‌ಗಳಿಂದ ಬೇರೆ ಇಡಿ. ಮಾವೆನ್‌ನ ಶ್ಯೂರ್‌ಫೈರ್ ಪ್ಲಗಿನ್ ಯುನಿಟ್ ಟೆಸ್ಟ್ ಓಡಿಸುತ್ತದೆ. ಫೇಲ್‌ಸೇಫ್ ಪ್ಲಗಿನ್ ಹೆಸರಿನ ಕೊನೆಗೆ ‘ಐಟಿ’ ಇರುವ ಕ್ಲಾಸ್‌ಗಳನ್ನು ಓಡಿಸುತ್ತದೆ. ಕೋಡ್ ಬರೆಯುತ್ತ ಮತ್ತೆ ಮತ್ತೆ ಓಡಿಸಲು ಮೊದಲನೆಯದು, ಕೋಡ್ ಒಪ್ಪಿಸುವ ಮುನ್ನ ‘ಎಂವಿಎನ್ ವೆರಿಫೈ’ ಕೊಟ್ಟು ಎರಡೂ.

ಹಂತ 2: ಸರ್ವರ್ ಎಬ್ಬಿಸಿ, ನಿಜವಾಗಿ ಎದ್ದಿದೆಯೇ ನೋಡಿ

ಜೆಯುನಿಟ್‌ನ ‘ಬಿಫೋರ್‌ಆಲ್’ ಮೆಥಡ್‌ನಲ್ಲಿ ಹೊಸ ಟಾಮ್‌ಕ್ಯಾಟ್ ಆಬ್ಜೆಕ್ಟ್ ಮಾಡಿ. ಬೇಸ್ ಡೈರೆಕ್ಟರಿಗೆ ಒಂದು ತಾತ್ಕಾಲಿಕ ಫೋಲ್ಡರ್ ಕೊಡಿ. ಪೋರ್ಟ್ 0 ಕೊಡಿ. ಆಗ ಖಾಲಿ ಇರುವ ಯಾವುದೋ ಪೋರ್ಟನ್ನು ಆಪರೇಟಿಂಗ್ ಸಿಸ್ಟಮ್ಮೇ ಆರಿಸಿಕೊಡುತ್ತದೆ. 8080 ಎಂದು ಬರೆದುಬಿಟ್ಟರೆ ಒಂದೇ ಯಂತ್ರದಲ್ಲಿ ಎರಡು ಬಿಲ್ಡ್ ಓಡಿದ ದಿನ ಜಗಳ ಶುರು. ಮುಂದೆ ನಾಲ್ಕು ಜಾಗದಲ್ಲಿ ಎಚ್ಚರ ಬೇಕು.

ಮೊದಲನೆಯದಾಗಿ, ಸ್ಟಾರ್ಟ್ ಕರೆಯುವ ಮುಂಚೆ ‘ಗೆಟ್‌ಕನೆಕ್ಟರ್’ ಕರೆಯಿರಿ. ಟಾಮ್‌ಕ್ಯಾಟ್ 9ರಿಂದೀಚೆಗೆ ಕನೆಕ್ಟರ್ (ಪೋರ್ಟಿನಲ್ಲಿ ರಿಕ್ವೆಸ್ಟ್ ಸ್ವೀಕರಿಸುವ ಭಾಗ) ತಾನಾಗಿ ಹುಟ್ಟುವುದಿಲ್ಲ, ಈ ಕರೆ ಬಂದಾಗಲೇ ಹುಟ್ಟುತ್ತದೆ. ಮರೆತರೆ ಸರ್ವರ್ ಯಾವ ದೂರೂ ಇಲ್ಲದೆ ಏಳುತ್ತದೆ, ಆದರೆ ಯಾವ ಪೋರ್ಟಿನಲ್ಲೂ ಕಿವಿಗೊಡುವುದಿಲ್ಲ. ಎದ್ದ ಮೇಲೆ ಸಿಕ್ಕಿದ ಪೋರ್ಟ್ ಯಾವುದೆಂದು ಅದೇ ಕನೆಕ್ಟರ್‌ನ ‘ಗೆಟ್‌ಲೋಕಲ್‌ಪೋರ್ಟ್’ ಹೇಳುತ್ತದೆ.

ಎರಡನೆಯದು, ‘ಆ್ಯಡ್‌ವೆಬ್‌ಆ್ಯಪ್’ ಕರೆಯುವಾಗ ರೂಟ್ ಕಾಂಟೆಕ್ಸ್ಟಿಗೆ ಖಾಲಿ ಸ್ಟ್ರಿಂಗ್ ಕೊಡಿ, ಓರೆಗೆರೆ ಅಲ್ಲ (ಸರ್ವರ್‌ನೊಳಗೆ ಕೂತ ಒಂದೊಂದು ಆ್ಯಪ್‌ಗೂ ಕಾಂಟೆಕ್ಸ್ಟ್ ಎಂದು ಹೆಸರು). ವೆಬ್‌ಆ್ಯಪ್ ಫೋಲ್ಡರ್‌ನ ಪೂರ್ತಿ ಪಾಥ್ ಕೊಡಿ.

ಮೂರನೆಯದು, ಅನೋಟೇಷನ್ ಇರುವ ಕ್ಲಾಸ್‌ಗಳು. ಮೂಲ ಕೋಡಿನ ವೆಬ್‌ಆ್ಯಪ್ ಫೋಲ್ಡರ್‌ನಲ್ಲಿ ಕಂಪೈಲ್ ಆದ ಕ್ಲಾಸ್‌ಗಳು ಇರುವುದಿಲ್ಲ, ಅವು ಟಾರ್ಗೆಟ್ ಫೋಲ್ಡರ್‌ನ ಒಳಗಿನ ‘ಕ್ಲಾಸಸ್’ನಲ್ಲಿವೆ. ಒಂದು ‘ಸ್ಟ್ಯಾಂಡರ್ಡ್‌ರೂಟ್’ ಮಾಡಿ, ‘ಡಿಐಆರ್‌ರಿಸೋರ್ಸ್‌ಸೆಟ್’ ಬಳಸಿ ಆ ಫೋಲ್ಡರನ್ನು ವೆಬ್-ಐಎನ್‌ಎಫ್‌ನೊಳಗಿನ ‘ಕ್ಲಾಸಸ್’ ಜಾಗಕ್ಕೆ ಜೋಡಿಸಿ. ಇಲ್ಲದಿದ್ದರೆ ಎಲ್ಲ ವಿಳಾಸಕ್ಕೂ 404 ಬರುತ್ತದೆ, ಕಾರಣ ಹುಡುಕುತ್ತ ಅರ್ಧ ದಿನ ಹೋಗುತ್ತದೆ.

ನಾಲ್ಕನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮ ಆ್ಯಪ್‌ನ ಲಿಸನರ್ (ಆ್ಯಪ್ ಏಳುವಾಗ ಓಡುವ ಕೋಡ್) ಒಂದು ಏಳುವಾಗಲೇ ಕುಸಿದರೂ ಟಾಮ್‌ಕ್ಯಾಟ್‌ನ ಸ್ಟಾರ್ಟ್ ಮೆಥಡ್ ಎಕ್ಸೆಪ್ಶನ್ ಎಸೆಯುವುದಿಲ್ಲ. ಲಾಗ್‌ಗೆ ಒಂದು ‘ಸಿವಿಯರ್’ ಸಾಲು ಬಿದ್ದು, ಆ ಕಾಂಟೆಕ್ಸ್ಟ್ ಮಾತ್ರ ನಿಂತುಹೋಗುತ್ತದೆ. ‘ಈ ಪುಟ ಇರಬಾರದು’ ಎಂದು ಪರೀಕ್ಷಿಸುವ ಟೆಸ್ಟ್ ಇದ್ದರೆ ಅದು ಆಗಲೂ ಹಸಿರೇ, ಏಕೆಂದರೆ ಯಾವ ಪುಟವೂ ಇಲ್ಲ! ಹಾಗಾಗಿ ಸ್ಟಾರ್ಟ್ ಆದ ಕೂಡಲೇ ಕಾಂಟೆಕ್ಸ್ಟ್‌ನ ಸ್ಥಿತಿ ‘ಸ್ಟಾರ್ಟೆಡ್’ ಇದೆಯೇ ಎಂದು ಅಸರ್ಟ್ ಮಾಡಿ. ಈ ಒಂದು ಸಾಲಿಲ್ಲದೆ ಮುಂದಿನ ಯಾವ ಟೆಸ್ಟನ್ನೂ ನಂಬಬೇಡಿ.

‘ಆಫ್ಟರ್‌ಆಲ್’ನಲ್ಲಿ ಸ್ಟಾಪ್, ಆಮೇಲೆ ಡೆಸ್ಟ್ರಾಯ್. ಪ್ರತಿ ಟೆಸ್ಟ್ ಮೆಥಡ್‌ಗೂ ಸರ್ವರ್ ಏಳಿಸಿ ಮಲಗಿಸುವುದು ಬೇಡ. ಒಂದೇ ಸರ್ವರ್ ಸಾಕು. ಒಂದೊಂದು ಟೆಸ್ಟಿಗೂ ಬೇರೆ ಬೇರೆ ಬಳಕೆದಾರರ ಹೆಸರು ಸೃಷ್ಟಿಸಿಕೊಂಡರೆ ಒಂದರ ಡೇಟಾ ಇನ್ನೊಂದಕ್ಕೆ ಅಡ್ಡಬರುವುದಿಲ್ಲ.

ಹಂತ 3: ಮೊದಲ ಟೆಸ್ಟ್ ಕನ್ನಡದ್ದೇ ಇರಲಿ

ಕ್ಲೈಂಟ್ ಆಗಿ ಜಾವಾ 11ರಿಂದ ಜೊತೆಗೇ ಬರುವ ಎಚ್‌ಟಿಟಿಪಿ ಕ್ಲೈಂಟ್ ಸಾಕು. ‘ಗಿರಿಜಾ’ ಎಂಬುದನ್ನು ಯುಆರ್‌ಎಲ್‌ಎನ್‌ಕೋಡರ್‌ಗೆ ಯುಟಿಎಫ್-8 ಹೇಳಿ ಎನ್‌ಕೋಡ್ ಮಾಡಿಸಿ, ಪೋಸ್ಟ್ ಮಾಡಿ. ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಕ್ಯಾರೆಕ್ಟರ್‌ಸೆಟ್ ಬರೆಯಬೇಡಿ. ಬ್ರೌಸರ್ ಬರೆಯುವುದಿಲ್ಲ, ನಿಮ್ಮ ಟೆಸ್ಟ್ ಬರೆದರೆ ಅದು ಬ್ರೌಸರ್‌ಗಿಂತ ಒಳ್ಳೆಯ ಗಿರಾಕಿ ಆಗಿಬಿಡುತ್ತದೆ, ದೋಷ ಹೊರಗೆ ಬರುವುದೇ ಇಲ್ಲ.

ಉತ್ತರ ಪರೀಕ್ಷಿಸುವಾಗ ಒಂದು ಸೂಕ್ಷ್ಮವಿದೆ. ಸರ್ವ್‌ಲೆಟ್ ಆ ಹೆಸರನ್ನು ಐಎಸ್‌ಒ-8859-1 ಎಂದು ತಪ್ಪಾಗಿ ಓದಿತು ಅನ್ನಿ. ಉತ್ತರ ಬರೆಯುವಾಗಲೂ ಕ್ಯಾರೆಕ್ಟರ್‌ಸೆಟ್ ಹೇಳದೇ ರೈಟರ್ ತೆಗೆದುಕೊಂಡರೆ ಅದೂ ಐಎಸ್‌ಒ-8859-1ರಲ್ಲೇ ಬರೆಯುತ್ತದೆ. ಹೋದ 18 ಬೈಟ್ ಅದೇ 18 ಬೈಟ್ ಆಗಿ ವಾಪಸ್ ಬರುತ್ತವೆ! ಟೆಸ್ಟ್ ಆ ಬೈಟ್‌ಗಳನ್ನು ಯುಟಿಎಫ್-8 ಎಂದು ಓದಿದರೆ ‘ಗಿರಿಜಾ’ ಸರಿಯಾಗೇ ಕಾಣುತ್ತದೆ, ಡೇಟಾಬೇಸ್‌ನಲ್ಲಿ ಮಾತ್ರ ಕಸ ಕೂತಿರುತ್ತದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕಿದ ಸ್ಥಿತಿ ಇದು. ಆದ್ದರಿಂದ ಮೂರು ಅಸರ್ಷನ್ ಬೇಕು: ಉತ್ತರದ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಯುಟಿಎಫ್-8 ಇದೆಯೇ, ಉತ್ತರದಲ್ಲಿ ಹೆಸರು ಹಾಗೇ ಇದೆಯೇ, ಮತ್ತು ಉಳಿಸಿಟ್ಟ ಹೆಸರಿನ ಉದ್ದ 6 ಇದೆಯೇ. 18 ಬಂದರೆ ಓದುವಾಗ ಎಡವಿದೆ. ಹೆಸರಿನ ಜಾಗದಲ್ಲಿ ಆರು ಪ್ರಶ್ನಾರ್ಥಕ ಚಿಹ್ನೆ ಬಂದರೆ ಓದಿದ್ದು ಸರಿ, ಬರೆಯುವಾಗ ಎಡವಿದೆ.

ದುರಸ್ತಿ ಸುಲಭ. 2017ರ ಸರ್ವ್‌ಲೆಟ್ 4.0ರಿಂದ ವೆಬ್.ಎಕ್ಸ್‌ಎಂಎಲ್‌ನಲ್ಲೇ ರಿಕ್ವೆಸ್ಟ್ ಮತ್ತು ರೆಸ್ಪಾನ್ಸ್‌ನ ಕ್ಯಾರೆಕ್ಟರ್ ಎನ್‌ಕೋಡಿಂಗ್ ಬರೆದಿಡಬಹುದು. ಅದನ್ನು ನಿಮ್ಮ ಆ್ಯಪ್‌ನ ಫೈಲಿನಲ್ಲೇ ಬರೆಯಿರಿ. ಇನ್‌ಸ್ಟಾಲ್ ಮಾಡಿದ ಟಾಮ್‌ಕ್ಯಾಟ್ 10ರ ‘ಕಾನ್ಫ್’ ಫೋಲ್ಡರ್‌ನಲ್ಲಿರುವ ವೆಬ್.ಎಕ್ಸ್‌ಎಂಎಲ್ ಯುಟಿಎಫ್-8 ಹೇಳುತ್ತದೆ ಎಂಬುದು ನಿಜ. ಆದರೆ ಆ ಫೈಲ್ ಸರ್ವರ್‌ನ ಸ್ವತ್ತು, ಎಂಬೆಡೆಡ್ ಟಾಮ್‌ಕ್ಯಾಟ್ ಜೊತೆ ಬರುವುದಿಲ್ಲ, ನಾಳೆ ಬೇರೆ ಸರ್ವರ್‌ಗೆ ಹೋದಾಗಲೂ ಬರುವುದಿಲ್ಲ. ಬರೆದಾದ ಮೇಲೆ ಒಮ್ಮೆ ಬೇಕೆಂದೇ ಆ ಸಾಲನ್ನು ಐಎಸ್‌ಒ-8859-1 ಎಂದು ಬದಲಿಸಿ ಟೆಸ್ಟ್ ಓಡಿಸಿ. ಕೆಂಪಾಗಬೇಕು. ಕೆಂಪಾಗದಿದ್ದರೆ ಟೆಸ್ಟ್ ಏನನ್ನೋ ಮುಟ್ಟುತ್ತಿಲ್ಲ.

ಹಳೆಯ ಕೋಡಿನಲ್ಲಿ ಇದೇ ಕೆಲಸವನ್ನು ಫಿಲ್ಟರ್ ಒಂದು ‘ಸೆಟ್‌ಕ್ಯಾರೆಕ್ಟರ್‌ಎನ್‌ಕೋಡಿಂಗ್’ ಕರೆದು ಮಾಡುತ್ತಿರುತ್ತದೆ. ಅದರ ಮುಂದೆ ನಿಂತ ಲಾಗಿಂಗ್ ಫಿಲ್ಟರ್ ಎಲ್ಲಾದರೂ ಒಮ್ಮೆ ‘ಗೆಟ್‌ಪ್ಯಾರಾಮೀಟರ್’ ಕರೆದುಬಿಟ್ಟರೆ ಮುಗಿಯಿತು, ಬಾಡಿ ಆಗಲೇ ಓದಿ ಆಗಿರುತ್ತದೆ, ನಂತರದ ಸೆಟ್ಟಿಂಗ್‌ಗೆ ಬೆಲೆಯಿಲ್ಲ. ಇಂಥ ತಕರಾರನ್ನು ಯಾವ ಯುನಿಟ್ ಟೆಸ್ಟೂ ಹಿಡಿಯಲಾರದು, ಏಕೆಂದರೆ ಎರಡು ಫಿಲ್ಟರ್‌ಗಳೂ ತಮ್ಮ ತಮ್ಮ ಪಾಡಿಗೆ ಸರಿಯಾಗೇ ಇವೆ.

ಹಂತ 4: ಸೆಷನ್, ಕುಕ್ಕಿ

ಎಚ್‌ಟಿಟಿಪಿ ಕ್ಲೈಂಟ್ ತಾನಾಗಿ ರೀಡೈರೆಕ್ಟ್ ಹಿಂಬಾಲಿಸುವುದಿಲ್ಲ, ಅದನ್ನು ಹಾಗೇ ಬಿಡಿ. ಲಾಗಿನ್ ಆದ ಮೇಲೆ 302 ಬಂತೇ, ಲೊಕೇಶನ್ ಹೆಡರ್ ಎಲ್ಲಿಗೆ ಕಳಿಸುತ್ತಿದೆ ಎಂಬುದೇ ನಮಗೆ ಬೇಕಾದ ವಿಷಯ. ಕುಕ್ಕಿ ಇಟ್ಟುಕೊಳ್ಳಲು ಮಾತ್ರ ಒಂದು ಕುಕ್ಕಿಮ್ಯಾನೇಜರ್ ಕೊಡಬೇಕು.

ಪರೀಕ್ಷಿಸಲೇಬೇಕಾದ್ದು ಸೆಷನ್ ಐಡಿ ಬದಲಾಗುತ್ತದೆಯೇ ಎಂಬುದು. ಲಾಗಿನ್‌ಗೆ ಮುಂಚೆ ಒಂದು ಪುಟ ತೆರೆದು ಜೆಸೆಷನ್‌ಐಡಿ ಬರೆದಿಟ್ಟುಕೊಳ್ಳಿ, ಲಾಗಿನ್ ಆದ ಮೇಲೆ ಮತ್ತೆ ನೋಡಿ. ಎರಡೂ ಒಂದೇ ಆಗಿದ್ದರೆ, ಬೇರೆಯವರು ಮೊದಲೇ ಕೊಟ್ಟ ಐಡಿಯಲ್ಲೇ ನಿಮ್ಮ ಬಳಕೆದಾರರು ಒಳಗೆ ಹೋದಂತೆ. ಸರ್ವ್‌ಲೆಟ್ 3.1ರಿಂದ ಇದಕ್ಕೆ ‘ಚೇಂಜ್‌ಸೆಷನ್‌ಐಡಿ’ ಎಂಬ ಮೆಥಡ್ ಇದೆ. ಹಳೆಯ ಐಡಿಯನ್ನೇ ಹಿಡಿದು ಖಾತೆಯ ಪುಟ ಕೇಳಿ, ಲಾಗಿನ್‌ಗೆ ವಾಪಸ್ ಕಳಿಸುತ್ತದೆಯೇ ಎಂದು ಕೂಡ ನೋಡಿ.

ಕುಕ್ಕಿಗೆ ‘ಸೆಕ್ಯೂರ್’ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಕಳಿಸು) ಎಂದು ಹಾಕಿದ್ದರೆ ಒಂದು ತೊಡಕು ಎದುರಾಗುತ್ತದೆ. ಟೆಸ್ಟ್ ಓಡುವುದು ಬರೀ ಎಚ್‌ಟಿಟಿಪಿಯಲ್ಲಿ. ಕುಕ್ಕಿಮ್ಯಾನೇಜರ್ ನಿಯಮ ಪಾಲಿಸಿ ಆ ಕುಕ್ಕಿಯನ್ನು ಕಳಿಸುವುದಿಲ್ಲ, ಲಾಗಿನ್ ಪುಟ ಮತ್ತೆ ಮತ್ತೆ ಬರುತ್ತದೆ. ಟೆಸ್ಟಿಗಾಗಿ ಸೆಕ್ಯೂರ್ ತೆಗೆದುಹಾಕಬೇಡಿ. ಸೆಟ್-ಕುಕ್ಕಿ ಹೆಡರನ್ನು ಕೈಯಾರೆ ಓದಿ, ಮುಂದಿನ ರಿಕ್ವೆಸ್ಟಿನಲ್ಲಿ ಕುಕ್ಕಿ ಹೆಡರ್ ಆಗಿ ಕೈಯಾರೆ ಇಡಿ. ಹಾಗೆ ಓದುವಾಗಲೇ ಸೆಕ್ಯೂರ್, ಎಚ್‌ಟಿಟಿಪಿಓನ್ಲಿ ಎರಡೂ ಇವೆಯೇ ಎಂದು ಅಸರ್ಟ್ ಮಾಡಿಬಿಡಿ.

ಹಂತ 5: ಒಂದೇ ಥ್ರೆಡ್ ಕೊಟ್ಟು ನೋಡಿ

ಬಹಳ ಕಡಿಮೆ ಜನ ಬಳಸುವ, ಆದರೆ ತುಂಬ ಕೆಲಸಕ್ಕೆ ಬರುವ ಉಪಾಯ ಇದು. ‘ಈಗ ಲಾಗಿನ್ ಆಗಿರುವವರು ಯಾರು’ ಎಂಬುದನ್ನು ಥ್ರೆಡ್‌ಲೋಕಲ್‌ನಲ್ಲಿ (ಪ್ರತಿ ಥ್ರೆಡ್‌ಗೂ ತನ್ನದೇ ಬೆಲೆ ಇರುವ ವೇರಿಯಬಲ್) ಇಡುವ ರೂಢಿ ಸಾಕಷ್ಟು ಕಡೆ ಇದೆ. ಕಂಟೇನರ್ ರಿಕ್ವೆಸ್ಟಿಗೊಂದು ಹೊಸ ಥ್ರೆಡ್ ಮಾಡುವುದಿಲ್ಲ, ಬಳಸಿದ ಥ್ರೆಡ್ಡನ್ನೇ ಮತ್ತೆ ಬಳಸುತ್ತದೆ. ರಿಕ್ವೆಸ್ಟ್ ಮುಗಿದಾಗ ಥ್ರೆಡ್‌ಲೋಕಲ್ ಅಳಿಸದಿದ್ದರೆ, ಹೋಟೆಲ್ ಮೇಜಿನ ಮೇಲೆ ಹಿಂದಿನವರು ಬಿಟ್ಟುಹೋದ ಬಿಲ್ಲಿನಂತೆ ಅದು ಮುಂದಿನವರ ಪಾಲಿಗೆ ಬರುತ್ತದೆ. ಒಬ್ಬರ ಖಾತೆಯಲ್ಲಿ ಇನ್ನೊಬ್ಬರ ಹೆಸರು ಕಾಣುವ ದೋಷ ಇದು. ಟಾಮ್‌ಕ್ಯಾಟ್‌ನ ಪೂಲ್‌ನಲ್ಲಿ ಗರಿಷ್ಠ 200 ಥ್ರೆಡ್ ಎಂಬುದು ಸಹಜ ಮಿತಿ, ಹಾಗಾಗಿ ಡೆವಲಪರ್ ಒಬ್ಬರೇ ಕೂತು ಎರಡು ಸಲ ಕ್ಲಿಕ್ ಮಾಡಿದರೆ ಈ ದೋಷ ಸಿಗುವುದು ಅದೃಷ್ಟವಿದ್ದರೆ ಮಾತ್ರ.

ಅದೃಷ್ಟಕ್ಕೆ ಬಿಡಬೇಡಿ. ಇದಕ್ಕೆಂದೇ ಇನ್ನೊಂದು ಟೆಸ್ಟ್ ಕ್ಲಾಸ್ ಮಾಡಿ, ಕನೆಕ್ಟರ್‌ನ ‘ಮ್ಯಾಕ್ಸ್‌ಥ್ರೆಡ್ಸ್’ ಮತ್ತು ‘ಮಿನ್‌ಸ್ಪೇರ್‌ಥ್ರೆಡ್ಸ್’ ಎರಡಕ್ಕೂ 1 ಕೊಡಿ. ಈಗ ಎಲ್ಲ ರಿಕ್ವೆಸ್ಟೂ ಒಂದೇ ಥ್ರೆಡ್‌ನಲ್ಲಿ ಸಾಲಾಗಿ ಹೋಗಬೇಕು. ಮೊದಲು ಲಾಗಿನ್ ಆದ ಬಳಕೆದಾರರಾಗಿ ಒಂದು ಪುಟ ಕೇಳಿ. ತಕ್ಷಣ ಕುಕ್ಕಿಯೇ ಇಲ್ಲದ ಬೇರೊಂದು ಕ್ಲೈಂಟಿನಿಂದ ಅದೇ ಪುಟ ಕೇಳಿ. ಎರಡನೆಯ ಉತ್ತರದಲ್ಲಿ ಮೊದಲನೆಯವರ ಹೆಸರು ಇರಬಾರದು. ಇದರ ಇನ್ನೊಂದು ರೂಪವನ್ನೂ ಬರೆಯಿರಿ: ಮೊದಲ ರಿಕ್ವೆಸ್ಟ್ ನಡುವೆಯೇ ಎಕ್ಸೆಪ್ಶನ್ ಎಸೆಯುವಂತೆ ಮಾಡಿ. ಅಳಿಸುವ ಸಾಲು ‘ಫೈನಲಿ’ಯೊಳಗೆ ಇಲ್ಲದಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಹಂತ 6: ಫಿಲ್ಟರ್ ಮತ್ತು ಎರರ್ ಪುಟ

ಫಿಲ್ಟರ್‌ಗಳ ಸರದಿ ಮುಖ್ಯವಾಗಿದ್ದರೆ ಅವನ್ನು ವೆಬ್.ಎಕ್ಸ್‌ಎಂಎಲ್‌ನಲ್ಲಿ ಬರೆಯಿರಿ, ಅನೋಟೇಷನ್‌ನಲ್ಲಿ ಸರದಿ ಹೇಳುವ ದಾರಿಯಿಲ್ಲ. ಟೆಸ್ಟ್ ಇಷ್ಟೇ: ಲಾಗಿನ್ ಆಗದೆ ಒಳಪುಟ ಕೇಳಿದರೆ ಒಳಪುಟದ ಒಂದು ಅಕ್ಷರವೂ ಬರಬಾರದು. ಫಿಲ್ಟರ್ ಸಹಜವಾಗಿ ಹೊರಗಿನಿಂದ ಬಂದ ರಿಕ್ವೆಸ್ಟಿಗೆ ಮಾತ್ರ ಅನ್ವಯಿಸುತ್ತದೆ, ಫಾರ್ವರ್ಡ್ ಮತ್ತು ಎರರ್ ಪುಟಕ್ಕೆ ಅಲ್ಲ ಎಂಬುದು ನೆನಪಿರಲಿ.

‘ಸೆಂಡ್‌ಎರರ್’ ಕರೆದರೆ ಕಂಟೇನರ್ ನಿಮ್ಮ ಎರರ್ ಪುಟ ತೋರಿಸುತ್ತದೆ, ‘ಸೆಟ್‌ಸ್ಟೇಟಸ್’ ಕರೆದರೆ ತೋರಿಸುವುದಿಲ್ಲ. ಮಾಕ್‌ಗೆ ಎರಡೂ ಒಂದೇ. ಬೇಕೆಂದೇ 500 ಬರಿಸಿ, ಉತ್ತರದಲ್ಲಿ ನಿಮ್ಮ ಪ್ಯಾಕೇಜ್‌ನ ಹೆಸರು ಹುಡುಕಿ. ಸಿಕ್ಕರೆ ಸ್ಟ್ಯಾಕ್ ಟ್ರೇಸ್ ಹೊರಗೆ ಸೋರುತ್ತಿದೆ ಎಂದೇ ಅರ್ಥ.

ಹಂತ 7: ಡೇಟಾಬೇಸ್

ಜೆಎನ್‌ಡಿಐ (ಸರ್ವರ್‌ನಿಂದ ಹೆಸರು ಹೇಳಿ ಸಂಪನ್ಮೂಲ ಪಡೆಯುವ ಜಾವಾ ವ್ಯವಸ್ಥೆ) ಮೂಲಕ ಡೇಟಾಸೋರ್ಸ್, ಅಂದರೆ ಡೇಟಾಬೇಸ್ ಸಂಪರ್ಕ, ಪಡೆಯುವ ಆ್ಯಪ್ ಆಗಿದ್ದರೆ, ಎಂಬೆಡೆಡ್ ಟಾಮ್‌ಕ್ಯಾಟ್‌ನಲ್ಲಿ ‘ಎನೇಬಲ್‌ನೇಮಿಂಗ್’ ಕರೆದು, ರಿಸೋರ್ಸನ್ನು ಕಾಂಟೆಕ್ಸ್ಟಿಗೆ ಸೇರಿಸಬೇಕು. ಡೇಟಾಬೇಸ್ ಮಾತ್ರ ಪ್ರೊಡಕ್ಷನ್‌ನಲ್ಲಿರುವ ಜಾತಿಯದ್ದೇ ಇರಲಿ. ಟೆಸ್ಟಿಗೆ ಎಚ್2 ಎಂಬ ಪುಟ್ಟ ಜಾವಾ ಡೇಟಾಬೇಸ್, ಪ್ರೊಡಕ್ಷನ್‌ಗೆ ಮೈಎಸ್‌ಕ್ಯುಎಲ್ ಎಂಬ ಏರ್ಪಾಡು ಕನ್ನಡದ ವಿಷಯದಲ್ಲಿ ಕೈಕೊಡುತ್ತದೆ. ಮೈಎಸ್‌ಕ್ಯುಎಲ್ 8.0ಕ್ಕೆ ಮುಂಚೆ ಸಹಜ ಕ್ಯಾರೆಕ್ಟರ್‌ಸೆಟ್ ಲ್ಯಾಟಿನ್1 ಆಗಿತ್ತು, ಅಂಥ ಹಳೆಯ ಟೇಬಲ್‌ಗಳಿಗೆ ಕನ್ನಡ ಹಿಡಿಸುವುದಿಲ್ಲ. ‘ಯುಟಿಎಫ್8’ ಎಂದು ಅದು ಕರೆಯುತ್ತಿದ್ದುದು ಮೂರು ಬೈಟಿನ ತನಕ ಮಾತ್ರ. ಕನ್ನಡ ಅದರಲ್ಲಿ ಹಿಡಿಯುತ್ತದೆ, ಹೆಸರಿನ ಪಕ್ಕ ಯಾರಾದರೂ ಎಮೋಜಿ ಹಾಕಿದರೆ ಹಿಡಿಯುವುದಿಲ್ಲ. ಅದಕ್ಕೆ ‘ಯುಟಿಎಫ್8ಎಂಬಿ4’ ಬೇಕು. ಟೆಸ್ಟ್‌ಕಂಟೇನರ್ಸ್ ಎಂಬ ಲೈಬ್ರರಿ ನಿಜವಾದ ಮೈಎಸ್‌ಕ್ಯುಎಲ್ಲನ್ನು ಡಾಕರ್‌ನಲ್ಲಿ ಎಬ್ಬಿಸಿ, ಟೆಸ್ಟ್ ಮುಗಿದ ಮೇಲೆ ತೆಗೆದುಹಾಕುತ್ತದೆ.

ಹಂತ 8: ಕೊನೆಗೆ ಡಾಕರ್ ಇಮೇಜ್‌ನಲ್ಲೂ ಒಂದಿಷ್ಟು

ಇಷ್ಟು ಹೊತ್ತು ಕಂಟೇನರ್ ಎಂದರೆ ಟಾಮ್‌ಕ್ಯಾಟ್. ಆ ಟಾಮ್‌ಕ್ಯಾಟ್ ಕೂತಿರುವ ಡಾಕರ್ ಕಂಟೇನರ್ ಇನ್ನೊಂದು ಲೋಕ. ನಿಮ್ಮ ಲ್ಯಾಪ್‌ಟಾಪ್‌ನ ಲೊಕೇಲ್ ಯುಟಿಎಫ್-8 ಇರುತ್ತದೆ. ತೆಳು ಬೇಸ್ ಇಮೇಜ್‌ನಲ್ಲಿ ಲೊಕೇಲ್ ಏನೂ ಹೇಳಿರದಿದ್ದರೆ, ಜಾವಾ 17ರ ತನಕದ ಜೆಡಿಕೆಗಳು ಆಸ್ಕಿಯನ್ನೇ ಸಹಜ ಎನ್‌ಕೋಡಿಂಗ್ ಎಂದು ತೆಗೆದುಕೊಳ್ಳುತ್ತವೆ. ಕ್ಯಾರೆಕ್ಟರ್‌ಸೆಟ್ ಹೇಳದೆ ಫೈಲಿಗೆ ಬರೆದ ಕನ್ನಡವೆಲ್ಲ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ. 2022ರ ಜಾವಾ 18ರಿಂದ ಯುಟಿಎಫ್-8 ಸಹಜವಾಗಿದೆ. 8, 11, 17ರಲ್ಲಿ ಇರುವವರು ಈ ಟೆಸ್ಟ್ ಬರೆಯಲೇಬೇಕು: ಕನ್ನಡ ಹೆಸರಿನೊಂದಿಗೆ ಒಂದು ಸಿಎಸ್‌ವಿ ವರದಿ ಇಳಿಸಿಕೊಳ್ಳಿ, ಬೈಟ್ ಬೈಟ್ ಹೋಲಿಸಿ.

ಸಮಯವೂ ಹಾಗೇ. ಡಾಕರ್ ಇಮೇಜ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ ಓಡುತ್ತವೆ. ಭಾರತದಲ್ಲಿ ಆಗಸ್ಟ್ 15ರ ನಸುಕಿನ 2 ಗಂಟೆ ಎಂದರೆ ಅಲ್ಲಿ ಆಗಸ್ಟ್ 14ರ ರಾತ್ರಿ 8.30. ಬೆಳಗಿನ 5.30ರ ತನಕ ‘ಇವತ್ತಿನ’ ಎಂಬ ಪಟ್ಟಿಯೆಲ್ಲ ನಿನ್ನೆಯದನ್ನು ತೋರಿಸುತ್ತದೆ, ಹಗಲು ಹೊತ್ತು ಟೆಸ್ಟ್ ಮಾಡುವವರಿಗೆ ಎಲ್ಲವೂ ಸರಿ. ಆ್ಯಪ್ ಸಮಯವನ್ನು ‘ಕ್ಲಾಕ್’ ಆಬ್ಜೆಕ್ಟಿನಿಂದ ಪಡೆಯುವಂತೆ ಮಾಡಿ, ಟೆಸ್ಟಿನಲ್ಲಿ ಆ ಗಡಿಯಾರವನ್ನು ನಸುಕಿನ 2 ಗಂಟೆಗೆ ನಿಲ್ಲಿಸಿ.

ಇಮೇಜನ್ನು ಎಬ್ಬಿಸಲು ಇಲ್ಲೂ ಟೆಸ್ಟ್‌ಕಂಟೇನರ್ಸ್ ಸಾಕು. ‘ಹತ್ತು ಸೆಕೆಂಡ್ ಕಾಯಿ’ ಎಂದು ಬರೆಯದೆ, ಆರೋಗ್ಯ ತಿಳಿಸುವ ವಿಳಾಸ 200 ಕೊಡುವ ತನಕ ಕಾಯುವಂತೆ ಹೇಳಿ. ಹೋಸ್ಟ್ ಮತ್ತು ಪೋರ್ಟನ್ನು ಲೈಬ್ರರಿಯಿಂದಲೇ ಕೇಳಿ ಪಡೆಯಿರಿ, ಲೋಕಲ್‌ಹೋಸ್ಟ್ ಎಂದು ಬರೆದರೆ ಕೆಲವು ಬಿಲ್ಡ್ ಸರ್ವರ್‌ಗಳಲ್ಲಿ ನಡೆಯುವುದಿಲ್ಲ. ಈ ಮಟ್ಟದ ಟೆಸ್ಟ್‌ಗಳು ನಾಲ್ಕೈದು ಇದ್ದರೆ ಸಾಕು. ಹಂತ 3ರಿಂದ 6ರ ತನಕದ್ದನ್ನೆಲ್ಲ ಇಲ್ಲಿ ಮತ್ತೆ ಓಡಿಸಲು ಹೊರಟರೆ ಬಿಲ್ಡ್ ನಿಧಾನವಾಗಿ, ಕೊನೆಗೆ ತಂಡದವರು ಇವನ್ನು ಬಿಟ್ಟು ಓಡಿಸುವ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಬಿಲ್ಡ್ ಸರ್ವರ್‌ಗೆ ಸೇರಿಸುವಾಗ ಒಂದು ಕೆಲಸ ಬಾಕಿ. ಟೆಸ್ಟ್ ಕೆಂಪಾದಾಗ ಜೆಯುನಿಟ್ ಹೇಳುವುದು ‘200 ಬರಬೇಕಿತ್ತು, 500 ಬಂತು’ ಎಂದಷ್ಟೆ. ಕಾರಣ ಇರುವುದು ಸರ್ವರ್‌ನ ಲಾಗ್‌ನಲ್ಲಿ. ಟಾಮ್‌ಕ್ಯಾಟ್‌ನ ಲಾಗ್ ಮತ್ತು ಡಾಕರ್ ಕಂಟೇನರ್‌ನ ಔಟ್‌ಪುಟ್ ಎರಡನ್ನೂ ಟಾರ್ಗೆಟ್ ಫೋಲ್ಡರ್‌ಗೆ ಬರೆಯಿಸಿ, ಬಿಲ್ಡ್ ವಿಫಲವಾದಾಗ ಅವನ್ನು ಉಳಿಸಿಡುವಂತೆ ಹೊಂದಿಸಿ. ಆ ಲಾಗ್ ಫೈಲನ್ನೂ ಯುಟಿಎಫ್-8ರಲ್ಲೇ ಬರೆಯಲು ಹೇಳಿ.